ಕಾಣದ ಹಲ್ಲಿಗೂ ಬೆಲೆ ಐತಿ

ಹೋದ ತಿಂಗಳು ಒಂದಿನ ಸಂಜಿ ಮಂಡಕ್ಕಿ ತಿನ್ನಾಕೆ ಕುಂತಿದ್ದೆ. ಅದರಾಗಿನ ಶೇಂಗಾ ಹಿಂದಿನ ದವಡೆ ಹಲ್ಲಿಗೆ ಸಿಕ್ಕಿ ಕಟ್ ಅಂತು. ನಾಲಿಗಿ ಆಡಿಸಿ ನೋಡಿದ್ರೆ ಹಲ್ಲಿನ ಒಂದು ಮೂಲೆನೇ ಇಲ್ಲ. ಒಳಗೆ ಯಾವಾಗ್ಲೋ ಹುಳುಕು ಹಿಡಿದಿತ್ತು, ನೋವಿಲ್ಲ ಅಂತ ಸುಮ್ನಿದ್ದೆ.

ನಮ್ಮ ಅತ್ತಿ ಅಂದ್ರು, "ಹಿಂದಿನ ಹಲ್ಲು ಯಾರು ನೋಡ್ತಾರವ್ವಾ? ಕೀಳಿಸಿ ಬಾ, ಕಾಟ ತಪ್ಪುತ್ತೆ."

ಅದೇ ನಮ್ಮ ನಾದಿನಿ ಮಗಳನ್ನ ನೋಡಾಕೆ ಗಂಡಿನವರು ಬರ್ತಾರೆ ಅಂದಾಗ, ಅವಳ ಮುಂದಿನ ಹಲ್ಲಿನ ಕರಿ ಚುಕ್ಕಿಗೆ ಎರಡೇ ದಿನದಾಗೆ ದಾವಣಗೆರೆಗೆ ಓಡಿದ್ವಿ. ಹಲ್ಲಿನ ಬಣ್ಣದ ಸಿಮೆಂಟ್ ಹಾಕಿಸಿಕೊಂಡು ಬಂದ್ವಿ. ಕಾಣೋ ಹಲ್ಲಿಗೆ ಸಿಮೆಂಟು, ಕಾಣದ ಹಲ್ಲಿಗೆ ಇಕ್ಕಳ! ಇದು ನನಗೆ ಸರಿ ಅನ್ನಿಸಲಿಲ್ಲ. ನಾನೂ ಅದೇ ಬಿಳಿ ಸಿಮೆಂಟ್ ಹಾಕಿಸಿಕೊಂಡೆ.

ಈ ಬಿಳಿ ಸಿಮೆಂಟು ಬರೀ ಚಂದಕ್ಕೆ ಅಂತ ತಿಳೀಬ್ಯಾಡ್ರಿ. ಇದಕ್ಕೆ ಕಾಂಪೋಸಿಟ್ ಅಂತಾರೆ. ರಾಳದಂಥ ಪ್ಲಾಸ್ಟಿಕ್ಕಿನಾಗೆ ನುಣ್ಣನೆ ಗಾಜಿನ ಪುಡಿ ಕಲಸಿರ್ತಾರೆ. ಹುಳುಕು ತೆಗೆದು, ಹಲ್ಲು ಒಣಗಿಸಿ, ಅಂಟು ಹಚ್ಚಿ, ಸುಮಾರು 2 ಮಿಲಿಮೀಟರಿನಂಗೆ ಪದರ ಪದರವಾಗಿ ತುಂಬ್ತಾರೆ. ಒಂದೊಂದು ಪದರಕ್ಕೂ ನೀಲಿ ಬೆಳಕು ಹಿಡಿದ್ರೆ ಗಟ್ಟಿಯಾಗುತ್ತೆ. ಹಳೇ ಬೆಳ್ಳಿ ಬಣ್ಣದ ಸಿಮೆಂಟು ಹಲ್ಲಿಗೆ ತಾನಾಗಿ ಅಂಟಲ್ಲ, ಅದು ಕೂರಲಿ ಅಂತ ಒಳ್ಳೇ ಹಲ್ಲನ್ನೂ ಕೊರೀಬೇಕಾಗ್ತಿತ್ತು. ಇದು ಅಂಟ್ಕೊಳ್ಳುತ್ತೆ, ಅದಕ್ಕೇ ನಮ್ಮ ಹಲ್ಲು ಹೆಚ್ಚು ಉಳಿಯುತ್ತೆ.

ಬೆಳ್ಳಿ ಬಣ್ಣದ್ದರಾಗೆ ಹೆಚ್ಚುಕಡಿಮೆ ಅರ್ಧ ಪಾದರಸ ಇರುತ್ತೆ. ಯೂರೋಪ್ ಒಕ್ಕೂಟದಾಗೆ 2025ರ ಜನವರಿಯಿಂದ, ವೈದ್ಯರು ತೀರಾ ಬೇಕು ಅಂದ್ರೆ ಮಾತ್ರ ಅದನ್ನ ಹಾಕ್ತಾರೆ. ಹಂಗಂತ ನಿಮ್ಮ ಬಾಯಾಗೆ ಗಟ್ಟಿಯಾಗಿರೋದನ್ನ ಹೆದರಿ ಕೀಳಿಸಬ್ಯಾಡ್ರಿ. ಕೊರೆಯುವಾಗಲೇ ಪಾದರಸದ ಆವಿ ಹೆಚ್ಚು ಏಳೋದು.

ಬಿಳಿದಕ್ಕೆ ದುಡ್ಡು ಜಾಸ್ತಿ, ಹೊತ್ತೂ ಜಾಸ್ತಿ. ಜೀವಮಾನ ಪೂರ್ತಿ ಬರಲ್ಲ, ವರ್ಷಗಳ ಮೇಲೆ ಮತ್ತೆ ಹಾಕಿಸಬೇಕಾಗಬಹುದು. ಹುಳುಕು ನರಕ್ಕೆ ಮುಟ್ಟಿದ್ರೆ ಇದೊಂದೇ ಸಾಲಲ್ಲ, ರೂಟ್ ಕೆನಾಲ್ ಮಾಡಿಸಬೇಕು. ಅದರ ಖರ್ಚು ಇದಕ್ಕಿಂತ ಎಷ್ಟೋ ಹೆಚ್ಚು. ಅದಕ್ಕೇ ನಾನು ಹೇಳೋದು, ನೋವು ಬರೋ ತನಕ ಕಾಯಬ್ಯಾಡ್ರಿ, ತೂತು ಸಣ್ಣದಿದ್ದಾಗಲೇ ಹೋಗ್ರಿ.

ಇನ್ನೊಂದು ಮಾತು. ಹಲ್ಲು ನೋವಿಗೆ ಲವಂಗದ ಎಣ್ಣಿ ಹತ್ತಿ ಇಡೋದು ನಮ್ಮೆಲ್ಲರ ಮನಿ ಮದ್ದು. ಆದ್ರೆ ಆ ಎಣ್ಣಿಯಾಗಿನ ಯೂಜಿನಾಲ್ ಅನ್ನೋ ಅಂಶ ಹಲ್ಲಿನಾಗೆ ಉಳಿದ್ರೆ ಈ ಸಿಮೆಂಟು ಸರಿಯಾಗಿ ಗಟ್ಟಿಯಾಗಲ್ಲ. ಇಟ್ಟಿದ್ರೆ ಡಾಕ್ಟ್ರಿಗೆ ಮುಚ್ಚಿಡದೆ ಹೇಳ್ರಿ.

ದೂರ ಅನ್ನಾಕೂ ಬರಂಗಿಲ್ಲ. ಗುತ್ತೂರಿನಿಂದ ಹರಿಹರಕ್ಕೆ ಹೋಗಿ ಬಸ್ ಹತ್ತಿದ್ರೆ ದಾವಣಗೆರೆ. ಅಲ್ಲಿ ಹಲ್ಲಿನ ಕಾಲೇಜುಗಳೇ ಎರಡು ಅದಾವೆ. ಬಾಪೂಜಿ ದಂತ ಕಾಲೇಜು 1979ರಿಂದ ನಡೀತೈತಿ. ಬ್ಯಾರೆ ಜಿಲ್ಲೆಯವರು ಬರ್ತಾರೆ, ನಾವು ಮಾತ್ರ "ಮನಿ ಕೆಲಸ ಮುಗೀಲಿ" ಅಂತೀವಿ. ಮನಿ ಕೆಲಸ ಯಾವತ್ತು ಮುಗಿದೈತಿ ಹೇಳ್ರಿ?

ನಮ್ಮ ಅತ್ತಿ ಹಂಗೇ ಒಂದೊಂದಾಗಿ ನಾಲ್ಕು ದವಡೆ ಹಲ್ಲು ಕೀಳಿಸಿದ್ರು. ನಕ್ಕರೆ ಇವತ್ತಿಗೂ ಮುಂದಿನ ಹಲ್ಲು ಲಕ್ಷಣವಾಗೇ ಕಾಣ್ತಾವೆ. ಆದ್ರೆ ಊರಿಗೆಲ್ಲ ರೊಟ್ಟಿ ಬಡಿದು ಕೊಟ್ಟ ಕೈ ಅದು, ಈಗ ತಮ್ಮ ರೊಟ್ಟಿನ ಸಾರಿನಾಗೆ ನೆನೆಸಿ ತಿಂತಾರೆ. ಅಗಿಯೋ ಹಲ್ಲು ಯಾರ ಕಣ್ಣಿಗೂ ಬೀಳಲ್ಲ ಖರೆ. ಊಟ ಮಾಡೋದು ಮಾತ್ರ ಅದರಿಂದಲೇ.

ಮುಂದಿನ ಸಲ ಸೀರಿ ತರಾಕೆ ದಾವಣಗೆರೆಗೆ ಹೋದಾಗ, ಒಂದು ತಾಸು ನಿಮ್ಮ ಬಾಯಿನೂ ತೋರಿಸಿ ಬರ್ರಿ.