ಮನೆಗೆ ಇಂಟರ್‌ನೆಟ್ ಫೋನ್: ಲೆಕ್ಕ ಹಾಕಬೇಕಾದದ್ದು ಬಾಡಿಗೆಯನ್ನಷ್ಟೇ ಅಲ್ಲ

ಮನೆಯ ಸ್ಥಿರ ದೂರವಾಣಿ ಸದ್ದಿಲ್ಲದೆ ರೂಪ ಬದಲಿಸುತ್ತಿದೆ. ದೂರವಾಣಿ ಕೇಂದ್ರದಿಂದ ಬರುತ್ತಿದ್ದ ತಾಮ್ರದ ತಂತಿಯ ಜಾಗಕ್ಕೆ ಫೈಬರ್ ಎಳೆ ಬಂದಿದೆ. ಗೋಡೆಯ ಮೇಲೆ ಮಿನುಗುವ ದೀಪಗಳ ಪುಟ್ಟ ಪೆಟ್ಟಿಗೆಯೊಂದು ಕುಳಿತಿದೆ. ಹಳೆಯ ಫೋನನ್ನು ಅದೇ ಪೆಟ್ಟಿಗೆಗೆ ಸಿಕ್ಕಿಸಿದರೆ ಮೊದಲಿನಂತೆಯೇ ಡಯಲ್ ಟೋನ್ ಕೇಳಿಸುತ್ತದೆ. ಬಳಸುವವರಿಗೆ ವ್ಯತ್ಯಾಸವೇ ತಿಳಿಯದು, ಕರೆಂಟ್ ಹೋಗುವ ತನಕ.

ಇಂಥ ಸೇವೆಯನ್ನು ಆಯ್ದುಕೊಳ್ಳುವಾಗ ಬಹುತೇಕ ಕುಟುಂಬಗಳು ಕೇಳುವ ಪ್ರಶ್ನೆ, ‘ಕರೆಗೆ ಎಷ್ಟು ಬೀಳುತ್ತದೆ’ ಎಂಬುದು. ಆ ಪ್ರಶ್ನೆಗೆ ಈಗ ಹೆಚ್ಚಿನ ಅರ್ಥ ಉಳಿದಿಲ್ಲ. ಬ್ರಾಡ್‌ಬ್ಯಾಂಡ್ ಜೊತೆ ಬರುವ ಫೋನ್ ಸೇವೆಯಲ್ಲಿ ದೇಶದೊಳಗಿನ ಕರೆ ಉಚಿತವಾಗಿರುವುದು ಕಂಪನಿಗಳ ಔದಾರ್ಯದಿಂದಲ್ಲ. ಒಂದು ಕಂಪನಿಯ ಗ್ರಾಹಕ ಇನ್ನೊಂದು ಕಂಪನಿಯ ಗ್ರಾಹಕನಿಗೆ ಕರೆ ಮಾಡಿದಾಗ ಮೊದಲನೆಯದು ಎರಡನೆಯದಕ್ಕೆ ಶುಲ್ಕ ತೆರಬೇಕಿತ್ತು. ಸ್ಥಿರ ದೂರವಾಣಿಯನ್ನು ಒಳಗೊಂಡ ಕರೆಗಳಿಗೆ ಈ ಶುಲ್ಕವನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2015ರ ಮಾರ್ಚ್‌ನಿಂದಲೇ ರದ್ದು ಮಾಡಿತು. ಮೊಬೈಲ್‌ಗಳ ನಡುವಿನ ಕರೆಗಳಿಗೆ ಉಳಿದಿದ್ದ ನಿಮಿಷಕ್ಕೆ 6 ಪೈಸೆಯೂ 2021ರ ಜನವರಿ 1ರಂದು ಹೋಯಿತು. ಹೀಗಿರುವಾಗ ‘ಉಚಿತ ಕರೆ’ ಎಂಬ ದೊಡ್ಡಕ್ಷರದ ಜಾಹೀರಾತು ಒಂದು ಸೇವೆಯನ್ನು ಇನ್ನೊಂದರಿಂದ ಪ್ರತ್ಯೇಕಿಸುವುದಿಲ್ಲ.

ಇಷ್ಟಕ್ಕೆ ತಲುಪಲು ದೇಶ ಸಾಕಷ್ಟು ಕಾಲ ತೆಗೆದುಕೊಂಡಿತು. 2002ರ ಏಪ್ರಿಲ್ 1ರಂದು ಇಂಟರ್‌ನೆಟ್ ದೂರವಾಣಿಗೆ ಅನುಮತಿ ದೊರೆತರೂ ಕಂಪ್ಯೂಟರಿನಿಂದ ಭಾರತದೊಳಗಿನ ಸಾಮಾನ್ಯ ಫೋನಿಗೆ ಕರೆ ಮಾಡುವಂತಿರಲಿಲ್ಲ. ವಿದೇಶದ ಫೋನಿಗೆ ಮಾಡಬಹುದಿತ್ತು, ಪಕ್ಕದ ಬೀದಿಯ ಫೋನಿಗೆ ಮಾಡುವಂತಿರಲಿಲ್ಲ! ಟ್ರಾಯ್ 2017ರ ಅಕ್ಟೋಬರ್‌ನಲ್ಲಿ ಮಾಡಿದ ಶಿಫಾರಸಿನ ಬಳಿಕ, 2018ರ ಜೂನ್‌ನಲ್ಲಿ ದೂರಸಂಪರ್ಕ ಇಲಾಖೆ ದಾರಿ ತೆರವು ಮಾಡಿತು. ಮರುತಿಂಗಳೇ ಬಿಎಸ್‌ಎನ್‌ಎಲ್ ‘ವಿಂಗ್ಸ್’ ಎಂಬ ಆ್ಯಪ್ ಆಧಾರಿತ ಸೇವೆಯನ್ನು ವರ್ಷಕ್ಕೆ 1,099 ರೂಪಾಯಿ ಮತ್ತು ತೆರಿಗೆಯ ದರದಲ್ಲಿ ಪ್ರಕಟಿಸಿತು.

ಖರ್ಚಿನ ನಿಜವಾದ ಲೆಕ್ಕ ಇರುವುದು ಬ್ರಾಡ್‌ಬ್ಯಾಂಡ್ ಬಾಡಿಗೆಯಲ್ಲಿ. 2020ರ ಸೆಪ್ಟೆಂಬರ್‌ನಲ್ಲಿ ಜಿಯೋ ಫೈಬರ್ 30 ಎಂಬಿಪಿಎಸ್ ವೇಗದ 399 ರೂಪಾಯಿಯ ಯೋಜನೆ ತಂದಾಗ ಅದು ಅಗ್ಗದ ಸೇವೆಯ ಅಳತೆಗೋಲಾಯಿತು. ಆದರೆ ಜಾಹೀರಾತಿನ 399 ಶೇ 18ರಷ್ಟು ಜಿಎಸ್‌ಟಿ ಸೇರಿ 471 ಆಗುತ್ತದೆ. ವರ್ಷಕ್ಕೆ ಸುಮಾರು 5,650 ರೂಪಾಯಿ. ಇದರ ಮೇಲೆ ಅಳವಡಿಕೆ ಶುಲ್ಕ ಉಂಟೇ, ಪೆಟ್ಟಿಗೆಗೆ ಠೇವಣಿ ಉಂಟೇ, ಫೋನ್ ಉಪಕರಣವನ್ನು ಪ್ರತ್ಯೇಕ ಕೊಳ್ಳಬೇಕೇ ಎಂಬುದನ್ನು ಕೇಳಿ ತಿಳಿಯಬೇಕು. ತಿಂಗಳ ಬಾಡಿಗೆ ಕಡಿಮೆ ಎಂದು ತೋರಿಸಿ ಆರು ತಿಂಗಳು ಅಥವಾ ವರ್ಷದ ಹಣವನ್ನು ಮುಂಗಡ ಕೇಳುವ ಪದ್ಧತಿಯೂ ಇದೆ.

ಮನೆಯಲ್ಲಿ ಇಂಟರ್‌ನೆಟ್‌ನ ಅಗತ್ಯವೇ ಇಲ್ಲದವರು ಬರೀ ಫೋನಿಗಾಗಿ ಬ್ರಾಡ್‌ಬ್ಯಾಂಡ್ ಹಾಕಿಸಿಕೊಳ್ಳುವುದು ನಷ್ಟದ ಬಾಬು. ಡೇಟಾ ಬೇಡದವರಿಗೆ ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಯೋಜನೆ ಕೊಡಬೇಕೆಂದು ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಆದೇಶಿಸಿತು. ಮರುತಿಂಗಳು ಬಂದ ಅಂಥ ವಾರ್ಷಿಕ ಯೋಜನೆಗಳು 2 ಸಾವಿರ ರೂಪಾಯಿಯ ಒಳಗಿದ್ದವು. ಇನ್ನು ಮನೆಯೊಳಗೆ ಮೊಬೈಲ್ ಸಿಗ್ನಲ್ ಸಿಗದಿರುವುದಷ್ಟೇ ತೊಂದರೆಯಾಗಿದ್ದು ಬ್ರಾಡ್‌ಬ್ಯಾಂಡ್ ಆಗಲೇ ಇದ್ದರೆ, ಹೊಸ ಸಂಖ್ಯೆಯ ಅವಶ್ಯಕತೆಯೇ ಇಲ್ಲ. 2019ರ ಡಿಸೆಂಬರ್‌ನಲ್ಲಿ ಏರ್‌ಟೆಲ್, 2020ರ ಜನವರಿಯಲ್ಲಿ ಜಿಯೋ ಆರಂಭಿಸಿದ ವೈಫೈ ಕಾಲಿಂಗ್ ಸೌಲಭ್ಯದಲ್ಲಿ ಅದೇ ಸಿಮ್, ಅದೇ ಸಂಖ್ಯೆ ಮನೆಯ ವೈಫೈ ಮೂಲಕ ಕೆಲಸ ಮಾಡುತ್ತದೆ. ಹ್ಯಾಂಡ್‌ಸೆಟ್ ಅದಕ್ಕೆ ಹೊಂದಬೇಕು, ಅಷ್ಟೇ.

ಹೆಚ್ಚಿನ ವೇಗದ ಯೋಜನೆ ಕೊಂಡರೆ ಮಾತು ಸ್ಪಷ್ಟವಾಗಿ ಕೇಳಿಸುತ್ತದೆ ಎಂಬುದು ಮಾರಾಟ ಪ್ರತಿನಿಧಿಗಳು ಬೆಳೆಸಿದ ನಂಬಿಕೆ. ಒಂದು ಕರೆಗೆ ಬೇಕಾಗುವುದು ಹೆಚ್ಚೆಂದರೆ ಸೆಕೆಂಡಿಗೆ 100 ಕಿಲೋಬಿಟ್‌ನಷ್ಟು ಮಾತ್ರ. 30 ಎಂಬಿಪಿಎಸ್‌ನ ಸಂಪರ್ಕ ಅದರ ನೂರಾರು ಪಟ್ಟು ದೊಡ್ಡದು. ಮಾತು ತುಂಡಾಗುವುದು ದತ್ತಾಂಶ ತಡವಾಗಿ ಅಥವಾ ಏರುಪೇರಾಗಿ ತಲುಪಿದಾಗ. ಒಂದು ಬದಿಯಿಂದ ಇನ್ನೊಂದು ಬದಿಗೆ ಧ್ವನಿ ತಲುಪಲು 150 ಮಿಲಿಸೆಕೆಂಡ್‌ಗಿಂತ ಹೆಚ್ಚು ಹಿಡಿಯಬಾರದೆಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾರ್ಗಸೂಚಿ. ಆದ್ದರಿಂದ ಕಂಪನಿಯ ಕರಪತ್ರಕ್ಕಿಂತ, ಅದೇ ಬೀದಿಯಲ್ಲಿ ಅದೇ ಸೇವೆ ಪಡೆದ ಮನೆಯವರ ರಾತ್ರಿ ಎಂಟು ಗಂಟೆಯ ಅನುಭವ ಹೆಚ್ಚು ನಂಬಲರ್ಹ.

ಇವೆಲ್ಲಕ್ಕಿಂತ ಗಂಭೀರವಾದದ್ದು ವಿದ್ಯುತ್ತಿನ ಪ್ರಶ್ನೆ. ತಾಮ್ರದ ತಂತಿ ಮಾತನ್ನಷ್ಟೇ ತರುತ್ತಿರಲಿಲ್ಲ. ದೂರವಾಣಿ ಕೇಂದ್ರದ ಬ್ಯಾಟರಿಯಿಂದ 48 ವೋಲ್ಟ್ ವಿದ್ಯುತ್ತನ್ನೂ ಹೊತ್ತು ತರುತ್ತಿತ್ತು. ಇಡೀ ಬಡಾವಣೆ ಕತ್ತಲಲ್ಲಿದ್ದರೂ ಫೋನ್ ಕೆಲಸ ಮಾಡುತ್ತಿದ್ದುದು ಈ ಕಾರಣಕ್ಕೆ. ಗಾಜಿನ ಎಳೆ ವಿದ್ಯುತ್ತನ್ನು ಒಯ್ಯಲಾರದು. ಮನೆಯ ಪೆಟ್ಟಿಗೆಗೆ ಮನೆಯ ಕರೆಂಟೇ ಗತಿ. ಮಳೆ ಕೈಕೊಟ್ಟ 2023ರ ಅಕ್ಟೋಬರ್‌ನಲ್ಲಿ ರಾಜ್ಯ ಕಂಡ ಲೋಡ್ ಶೆಡ್ಡಿಂಗ್ ಆಗಲಿ, ಮಳೆಗಾಲದಲ್ಲಿ ಮಲೆನಾಡು ಮತ್ತು ಕರಾವಳಿಯ ಪಟ್ಟಣಗಳಲ್ಲಿ ಮರ ಬಿದ್ದು ಹೋಗುವ ಕರೆಂಟ್ ಆಗಲಿ, ಫೈಬರ್ ಫೋನನ್ನು ಮೂಕವಾಗಿಸಲು ಸಾಕು. ಮಕ್ಕಳೆಲ್ಲ ಬೆಂಗಳೂರಿನಲ್ಲೋ ವಿದೇಶದಲ್ಲೋ ಇದ್ದು ವಯಸ್ಸಾದ ತಂದೆ ತಾಯಿ ಮಾತ್ರ ಉಳಿದ ಮನೆಯಲ್ಲಿ, ನಡುರಾತ್ರಿ ಎದೆನೋವು ಕಾಣಿಸಿಕೊಂಡಾಗ, ಇದು ಜೀವದ ಪ್ರಶ್ನೆಯಾಗುತ್ತದೆ.

ಬೇರೆ ದೇಶಗಳು ಇದನ್ನು ಗ್ರಾಹಕನ ತಲೆನೋವೆಂದು ಬಿಟ್ಟಿಲ್ಲ. ಇಂಟರ್‌ನೆಟ್ ಫೋನ್ ಕಂಪನಿಗಳು ತುರ್ತು ಸಂಖ್ಯೆ 911ರ ಸೌಲಭ್ಯ ನೀಡಲೇಬೇಕೆಂದು ಅಮೆರಿಕದ ಸಂಪರ್ಕ ಆಯೋಗ 2005ರಲ್ಲಿ ಆದೇಶಿಸಿತು. ಎಂಟು ಗಂಟೆ ಕಾಲ ನಡೆಯುವ ಬ್ಯಾಟರಿಯನ್ನು ಗ್ರಾಹಕರು ಕೊಳ್ಳಲು ಅವಕಾಶ ಕೊಡಬೇಕೆಂದು 2015ರಲ್ಲಿ ವಿಧಿಸಿತು. ಕರೆಂಟ್ ಹೋದರೂ ಕನಿಷ್ಠ ಒಂದು ಗಂಟೆ ತುರ್ತು ಕರೆ ಸಾಧ್ಯವಾಗಬೇಕೆಂಬುದು ಬ್ರಿಟನ್ನಿನ ನಿಯಂತ್ರಕ ಸಂಸ್ಥೆಯ ನಿಲುವು. ಫೋನ್ ತಂತಿಗೆ ಜೋಡಿಸಿದ ಅಪಾಯ ಸೂಚಕ ಉಪಕರಣಗಳನ್ನು ನೆಚ್ಚಿದ ವೃದ್ಧರ ಬಗೆಗಿನ ಆತಂಕದಿಂದಾಗಿ ಅಲ್ಲಿ ಹಳೆಯ ಜಾಲವನ್ನು ಮುಚ್ಚುವ ಗಡುವು 2025ರ ಡಿಸೆಂಬರ್‌ನಿಂದ 2027ರ ಜನವರಿಗೆ ಹೋಯಿತು. ಭಾರತದಲ್ಲಿ ಟ್ರಾಯ್ 2017ರಲ್ಲಿ ಹೇಳಿದ್ದು ಬೇರೆ: ಇಂಟರ್‌ನೆಟ್ ದೂರವಾಣಿಯಲ್ಲಿ ತುರ್ತು ಕರೆಯ ಸೌಲಭ್ಯಕ್ಕೆ ಕಂಪನಿಗಳನ್ನು ಉತ್ತೇಜಿಸಬಹುದು, ಸದ್ಯಕ್ಕೆ ಕಡ್ಡಾಯ ಮಾಡಬೇಕಿಲ್ಲ, ಆದರೆ ಈ ಮಿತಿಯನ್ನು ಗ್ರಾಹಕರಿಗೆ ತಿಳಿಸಬೇಕು. ಹಾಗೆ ತಿಳಿಸುವುದಾದರೆ ಅದು ‘ಉಚಿತ ಕರೆ’ಯಷ್ಟೇ ದೊಡ್ಡ ಅಕ್ಷರಗಳಲ್ಲಿ ಇರಬೇಕಾದ ಮಾತು. ಆ್ಯಪ್ ಆಧಾರಿತ ಸೇವೆ ಕೊಳ್ಳುವವರು 112ಕ್ಕೆ ಕರೆ ಹೋಗುತ್ತದೆಯೇ ಎಂಬುದನ್ನು ಹಣ ಕಟ್ಟುವ ಮೊದಲೇ ಕೇಳಬೇಕು.

ಪರದೇಶದಲ್ಲಿ ಮಕ್ಕಳಿರುವ ಮನೆಗಳಿಗೆ ಇನ್ನೊಂದು ಮುಖವೂ ಇದೆ. ಅಮೆರಿಕದ ಕನ್ನಡಿಗರು ಒಂದು ಕಾಲಕ್ಕೆ ಬಳಸುತ್ತಿದ್ದ ಸ್ಕೈಪ್ 2025ರ ಮೇ 5ರಂದು ಬಾಗಿಲು ಮುಚ್ಚಿತು. ಅದರ ಕೆಲಸವನ್ನು ವಾಟ್ಸ್‌ಆ್ಯಪ್ ಬಹಳ ಹಿಂದೆಯೇ ವಹಿಸಿಕೊಂಡಿತ್ತು. ಆದರೆ ಕರಾವಳಿಯ ಸಾವಿರಾರು ಕುಟುಂಬಗಳಿಗೆ ನಂಟಿರುವ ದುಬೈ, ಅಬುಧಾಬಿಗಳಲ್ಲಿ ವಾಟ್ಸ್‌ಆ್ಯಪ್ ಕರೆಗೆ ನಿರ್ಬಂಧವಿದ್ದು, ಬೋಟಿಮ್‌ನಂತಹ ಪರವಾನಗಿ ಪಡೆದ ಆ್ಯಪ್‌ಗಳನ್ನು ಬಳಸಬೇಕಾಗಿದೆ. ಅಂಥವರ ಊರಿನ ಮನೆಯಲ್ಲಿ ಸಾಮಾನ್ಯ ಫೋನ್ ಸಂಖ್ಯೆಯೊಂದು ಇರುವುದು ಇವತ್ತಿಗೂ ಉಪಯುಕ್ತ. ಬಿಎಸ್‌ಎನ್‌ಎಲ್‌ನ ಹಳೆಯ ಗ್ರಾಹಕರು ಫೈಬರ್‌ಗೆ ಬದಲಾಗುವಾಗ ಅದೇ ಸಂಖ್ಯೆ ಉಳಿಯುವುದೇ ಎಂಬುದನ್ನು ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಕರೆಂಟ್ ಸಮಸ್ಯೆಗೆ ಪರಿಹಾರ ದುಬಾರಿಯೇನಲ್ಲ. ಫೈಬರ್ ಪೆಟ್ಟಿಗೆ ಸಾಮಾನ್ಯವಾಗಿ ನಡೆಯುವುದು 12 ವೋಲ್ಟ್‌ನಲ್ಲಿ. ಅದಕ್ಕೆಂದೇ ಸಿಗುವ ಪುಟ್ಟ ಯುಪಿಎಸ್‌ಗೆ ಒಂದರಿಂದ ಎರಡು ಸಾವಿರ ರೂಪಾಯಿ ಬೀಳುತ್ತದೆ. ಇನ್ವರ್ಟರ್ ಇರುವ ಮನೆಗಳಲ್ಲಿ ಇದೂ ಬೇಡ, ಆದರೆ ಪೆಟ್ಟಿಗೆಯನ್ನು ಸಿಕ್ಕಿಸಿದ ಸಾಕೆಟ್‌ಗೆ ಇನ್ವರ್ಟರ್ ಸಂಪರ್ಕ ಇರಬೇಕು. ಅಳವಡಿಸಲು ಬಂದ ಹುಡುಗ ಕೈಗೆ ಸಿಕ್ಕ ಸಾಕೆಟ್‌ಗೆ ಹಾಕಿ ಹೋಗುವುದೇ ಹೆಚ್ಚು. ಎಳೆ ನೇರವಾಗಿ ಮನೆಯೊಳಗೇ ಬರುತ್ತದೆಯೋ ಅಥವಾ ಬೀದಿಯ ಕಂಬದ ಮೇಲಿನ ಸ್ವಿಚ್‌ವರೆಗೆ ಮಾತ್ರ ಬಂದು ಅಲ್ಲಿಂದ ಬೇರೆ ಕೇಬಲ್ ಎಳೆಯುತ್ತಾರೋ ಎಂಬುದನ್ನೂ ಗಮನಿಸಬೇಕು. ಕಂಬದ ಸ್ವಿಚ್‌ಗೂ ಕರೆಂಟ್ ಬೇಕು. ಅದು ಆರಿದರೆ ಮನೆಯ ಯುಪಿಎಸ್‌ನಿಂದ ಪ್ರಯೋಜನವಿಲ್ಲ. ಇಷ್ಟೆಲ್ಲ ಮಾಡಿಯೂ ಕಾರ್ಡ್‌ಲೆಸ್ ಫೋನ್ ಇಟ್ಟುಕೊಂಡರೆ ಅದರ ಬುಡಕ್ಕೂ ಪ್ರತ್ಯೇಕ ವಿದ್ಯುತ್ ಬೇಕಾಗುತ್ತದೆ. ವೃದ್ಧರಿರುವ ಮನೆಗೆ ಐದಾರು ನೂರು ರೂಪಾಯಿಯ, ತಂತಿಯಿರುವ ಸಾದಾ ಫೋನೇ ಸರಿ.