ಮೀಟರ್‌ನಲ್ಲಿ ಒಂದು ಲಕ್ಷ ಮೂವತ್ತೊಂದು ಸಾವಿರ

ಸೆಕೆಂಡ್ ಹ್ಯಾಂಡ್ ಕಾರು ಅಂದ ಕೂಡಲೇ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಒಂದೇ: ‘ಎಷ್ಟು ಓಡಿದೆ?’ ಐವತ್ತು ಸಾವಿರದ ಒಳಗೆ ಅಂದರೆ ಮುಖ ಅರಳುತ್ತದೆ. ಲಕ್ಷ ದಾಟಿದೆ ಅಂದರೆ ‘ಬೇಡಪ್ಪಾ, ಗುಜರಿ ಅದು’ ಅನ್ನುತ್ತಾರೆ. ಕಳೆದ ಎರಡು ತಿಂಗಳು ನಮ್ಮ ಮನೆಯಲ್ಲಿ ಇದೇ ಮಾತು. ನನಗೆ ಹದಿನೇಳು, ಕಾರಿನ ಲೈಸೆನ್ಸ್ ಸಿಗಲು ಇನ್ನೂ ವರ್ಷ ಬೇಕು. ಆದರೂ ಮನೆಯಲ್ಲಿ ಕಾಮರ್ಸ್ ಓದುತ್ತಿರುವವಳು ನಾನೊಬ್ಬಳೇ ಆದ್ದರಿಂದ ಲೆಕ್ಕ ಹಾಕುವ ಕೆಲಸ ನನಗೆ ಬಂತು. ಆ ಲೆಕ್ಕದಿಂದ ನನಗೆ ಹುಟ್ಟಿದ ಅಭಿಪ್ರಾಯ ಇದು: ಹೆಚ್ಚು ಓಡಿದ ಕಾರಿಗೆ ನಾವು ಸುಮ್ಮನೆ ಹೆದರುತ್ತೇವೆ. ಹೆದರಬೇಕಾದದ್ದು ಬೇರೆ ಕಡೆ ಇದೆ.

ಕಾರು ಬೇಕಾಗಿದ್ದು ಶೋಕಿಗಲ್ಲ. ದಾದಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಸಿದ್ಧಾರ್ಥನಗರದ ನಮ್ಮ ಮನೆಯಿಂದ ಆಸ್ಪತ್ರೆ ಸುಮಾರು 8 ಕಿಲೋಮೀಟರ್. ಬೆಳಿಗ್ಗೆ ಆರಕ್ಕೆ ಅಲ್ಲಿರಬೇಕು. ಐದೂವರೆಗೆ ನಮ್ಮ ರಸ್ತೆಯಲ್ಲಿ ವಾಕಿಂಗ್ ಹೋಗುವವರು ಸಿಗುತ್ತಾರೆ, ಆಟೋ ಸಿಗುವುದಿಲ್ಲ. ಮೊಬೈಲ್‌ನಲ್ಲಿ ಬುಕ್ ಮಾಡಿದರೆ ಎರಡು ಸಲ ಕ್ಯಾನ್ಸಲ್ ಆಗಿ ಮೂರನೆಯವರು ಬರುತ್ತಾರೆ. ವಾಪಸ್ ಬರುವಾಗ ಇನ್ನೂ ಕಷ್ಟ. ನಾಲ್ಕು ಗಂಟೆ ಮೆಷಿನ್‌ನಲ್ಲಿ ಮಲಗಿ ಎದ್ದ ಮೇಲೆ ದಾದಿಯ ಬಿಪಿ ಇಳಿದಿರುತ್ತದೆ, ಆಟೋದ ಒಂದೊಂದು ಹಂಪ್‌ಗೂ ಕಣ್ಣು ಮುಚ್ಚಿಕೊಳ್ಳುತ್ತಾರೆ.

ಹೊಸ ಕಾರಿನ ಮಾತೇ ಇರಲಿಲ್ಲ. ಅಬ್ಬಾ ಬಡ್ಡಿಯ ಸಾಲ ಮುಟ್ಟುವುದಿಲ್ಲ. ಇದ್ದದ್ದು ಅಮ್ಮಿ ತಿಂಗಳು ತಿಂಗಳು ಕಟ್ಟಿದ ಕಮಿಟಿ ದುಡ್ಡು, ಅದರ ಮೇಲೆ ಸ್ವಲ್ಪ ಉಳಿತಾಯ. ಆ ದುಡ್ಡಿನಲ್ಲಿ ನನ್ನ ಸಿಎ ಫೌಂಡೇಶನ್ ಕೋಚಿಂಗ್ ಫೀಸೂ ಸೇರಿತ್ತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ನಾನು ಲೆಕ್ಕವನ್ನು ಇಷ್ಟು ಗಟ್ಟಿಯಾಗಿ ಹಿಡಿದುಕೊಳ್ಳಲು ಅದೂ ಒಂದು ಕಾರಣ.

ಕೊನೆಗೆ ಉಳಿದದ್ದು ಎರಡು ಕಾರು, ಎರಡೂ ವ್ಯಾಗನ್ ಆರ್. ಒಂದು ಡೀಲರ್ ಬಳಿ ಇದ್ದ 2014ರ ಮಾಡೆಲ್. ಓಡಿದ್ದು 46,000 ಕಿ.ಮೀ., ಮೂರನೇ ಓನರ್, ಬೆಲೆ 2,60,000. ಇನ್ನೊಂದು ಕುವೆಂಪುನಗರದ ಒಬ್ಬ ನಿವೃತ್ತ ಮೇಷ್ಟ್ರದ್ದು. 2013ರ ಮಾಡೆಲ್, ಒಬ್ಬರೇ ಓನರ್, ಓಡಿದ್ದು 1,31,000. ಕೇಳಿದ್ದು 2,10,000. ಮಾಮು, ಚಾಚಾ, ಪಕ್ಕದ ಮನೆಯ ಅಂಕಲ್ ಎಲ್ಲರ ಓಟೂ ಮೊದಲನೆಯದಕ್ಕೆ. ನನ್ನದೂ ಅದಕ್ಕೇ ಇತ್ತು.

ಡೀಲರ್ ಬಳಿ ಕಾರು ಫಳಫಳ ಹೊಳೆಯುತ್ತಿತ್ತು. ನಾವು ಹೋಗುವ ಮೊದಲೇ ಇಂಜಿನ್ ಸ್ಟಾರ್ಟ್ ಮಾಡಿಟ್ಟಿದ್ದರು. ನಮ್ಮ ಜೊತೆ ಬಂದಿದ್ದ ಮೆಕ್ಯಾನಿಕ್ ಭಾಯಿಗೆ ಅದೇ ಹಿಡಿಸಲಿಲ್ಲ. ಕಾರು ನೋಡಲು ಹೋದರೆ ಮೊದಲು ಬಾನೆಟ್ ಮುಟ್ಟಿ ನೋಡಬೇಕಂತೆ. ಬಿಸಿ ಇದ್ದರೆ ತಣ್ಣಗಿನ ಇಂಜಿನ್ ಹೇಗೆ ಸ್ಟಾರ್ಟ್ ಆಗುತ್ತದೆ, ಹಿಂದಿನಿಂದ ನೀಲಿ ಹೊಗೆ ಬರುತ್ತದಾ ಎನ್ನುವುದು ತಿಳಿಯುವುದಿಲ್ಲ. ನೀಲಿ ಹೊಗೆ ಅಂದರೆ ಇಂಜಿನ್ ಆಯಿಲ್ ಸುಡುತ್ತಿದೆ ಎಂದರ್ಥ. ನಾನು ಡ್ರೈವರ್ ಕಡೆಯ ಬಾಗಿಲು ತೆಗೆದು ನೋಡಿದೆ. ಬ್ರೇಕ್ ಪೆಡಲ್‌ನ ರಬ್ಬರ್ ಸವೆದು ಒಳಗಿನ ಕಬ್ಬಿಣ ಮಿನುಗುತ್ತಿತ್ತು. ವರ್ಷಕ್ಕೆ ನಾಲ್ಕು ಸಾವಿರ ಕಿಲೋಮೀಟರ್ ಸರಾಸರಿ ಓಡಿದ ಕಾರಿನಲ್ಲಿ ಪೆಡಲ್ ಇಷ್ಟು ಸವೆಯುತ್ತದಾ ಅಂದುಕೊಳ್ಳುತ್ತಿದ್ದಾಗ, ಬಾಗಿಲು ಮುಚ್ಚುವ ಕಂಬದ ಮೇಲೆ ಅರ್ಧ ಹರಿದ ಸ್ಟಿಕರ್ ಕಂಡಿತು. ಆಯಿಲ್ ಬದಲಾಯಿಸಿದಾಗ ಅಂಟಿಸುವಂಥದ್ದು. ಪೆನ್ನಿನಲ್ಲಿ ಬರೆದಿತ್ತು: ಮುಂದಿನ ಆಯಿಲ್ 97,500ಕ್ಕೆ.

ಮೀಟರ್‌ನಲ್ಲಿ 46,000! ಕೇಳಿದಾಗ ಅಲ್ಲಿದ್ದವರು ನನ್ನ ಕಡೆ ನೋಡದೆ ಅಬ್ಬಾಗೆ ಹೇಳಿದರು, ‘ಹುಡುಗಿಗೆ ಏನು ಗೊತ್ತು ಸಾಬ್, ಅದು ಬೇರೆ ಗಾಡಿ ಸ್ಟಿಕರ್.’ ಅಬ್ಬಾ ಸಲಾಂ ಹೇಳಿ ಹೊರಗೆ ಬಂದುಬಿಟ್ಟರು. ಡಿಜಿಟಲ್ ಮೀಟರ್ ಹಿಂದಕ್ಕೆ ತಿರುಗಿಸಲು ಸ್ಪ್ಯಾನರ್ ಕೂಡ ಬೇಡವಂತೆ, ಒಂದು ಲ್ಯಾಪ್‌ಟಾಪ್ ಸಾಕು. ಎಲ್ಲರೂ ಮೀಟರಿನ ಆ ಒಂದು ಅಂಕಿಗೆ ದುಡ್ಡು ಕೊಡುತ್ತಾರೆ, ಆದ್ದರಿಂದಲೇ ಅದನ್ನೇ ತಿದ್ದುತ್ತಾರೆ. ಸ್ಟಿಕರ್ ನಿಜಕ್ಕೂ ಬೇರೆ ಗಾಡಿಯದ್ದೇ ಇರಬಹುದು. ಸರ್ವಿಸ್ ಬಿಲ್ ತೋರಿಸಿದ್ದರೆ ಅದು ಒಂದೇ ನಿಮಿಷದಲ್ಲಿ ತೀರ್ಮಾನ ಆಗುತ್ತಿತ್ತು. ಅವರ ಬಳಿ ಒಂದು ಬಿಲ್ಲೂ ಇರಲಿಲ್ಲ.

ಮೇಷ್ಟ್ರ ಮನೆಯಲ್ಲಿ ಕಾಫಿ ಮೊದಲು ಬಂತು, ಆಮೇಲೆ ಫೈಲು. ಪ್ರತಿ ಸರ್ವಿಸ್‌ನ ಬಿಲ್, ದಿನಾಂಕ, ಆವತ್ತಿನ ಕಿಲೋಮೀಟರ್ ಎಲ್ಲ ಜೋಡಿಸಿಟ್ಟಿದ್ದರು. ಅವರು ದಿನಾ ತಿ. ನರಸೀಪುರಕ್ಕೆ ಕೆಲಸಕ್ಕೆ ಹೋಗಿ ಬರುತ್ತಿದ್ದರು, ಹೋಗಿ ಬರಲು ಸುಮಾರು 60 ಕಿಲೋಮೀಟರ್. ವರ್ಷಕ್ಕೆ 200 ದಿನ ಅಂದರೂ 12,000. ಹತ್ತು ವರ್ಷಕ್ಕೆ 1,20,000. ಮೀಟರ್ ಮತ್ತು ಮನುಷ್ಯ ಇಬ್ಬರೂ ಒಂದೇ ಮಾತು ಹೇಳುತ್ತಿದ್ದರು. ಮೆಕ್ಯಾನಿಕ್ ಭಾಯಿ ಪ್ರಕಾರ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿದ ಕಿಲೋಮೀಟರ್ ಇಂಜಿನ್‌ಗೆ ಅಷ್ಟು ಭಾರವಲ್ಲ. ಊರೊಳಗೆ ಎರಡು ಕಿಲೋಮೀಟರ್ ಓಡಿ ಬಿಸಿಯಾಗುವ ಮೊದಲೇ ನಿಲ್ಲಿಸುವುದು, ಕ್ಲಚ್ ತುಳಿದು ತುಳಿದು ಸಿಗ್ನಲ್ ದಾಟುವುದು ಹೆಚ್ಚು ಸವೆಸುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನ ರಬ್ಬರ್ ಪೈಪು, ಬ್ಯಾಟರಿ ನಿಂತಲ್ಲೇ ಹಾಳಾಗುತ್ತವೆ.

ಮೇಷ್ಟ್ರು ನಾವು ಕೇಳದೆಯೇ ಹೇಳಿದರು: ‘ನೋಡಿ ಸಾಬ್ರೇ, ಕ್ಲಚ್ ಇನ್ನು ಹೆಚ್ಚು ದಿನ ಬರಲ್ಲ. ಎಸಿ ಗ್ಯಾಸ್ ವರ್ಷಕ್ಕೊಮ್ಮೆ ತುಂಬಿಸಬೇಕಾಗುತ್ತೆ. ಎಡಗಡೆ ಬಾಗಿಲು ನಾನೇ ಗೇಟಿಗೆ ತಾಗಿಸಿದ್ದು.’ ಪ್ರವಾದಿ(ಸ)ರು ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒಳಗೆ ಒದ್ದೆ ಸಿಕ್ಕಿದ ಪ್ರಸಂಗ ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ಮೇಷ್ಟ್ರು ಒದ್ದೆ ಕಾಳನ್ನು ರಾಶಿಯ ಮೇಲೇ ಇಟ್ಟು ಕೂತಿದ್ದರು. ಅಬ್ಬಾ ಅಲ್ಲೇ ಮನಸ್ಸು ಮಾಡಿದರು ಎಂದು ನನಗೆ ಅವರ ಮುಖ ನೋಡಿಯೇ ಗೊತ್ತಾಯಿತು. 1,95,000ಕ್ಕೆ ಮಾತು ಮುಗಿಯಿತು.

ಆದರೆ ನನ್ನ ಲೆಕ್ಕ ಮುಗಿದಿರಲಿಲ್ಲ. ಆ ರಾತ್ರಿ ನೋಟ್‌ಬುಕ್‌ನಲ್ಲಿ ಎರಡು ಕಾಲಂ ಹಾಕಿದೆ. ಆಟೋಗೆ ಒಂದು ಕಡೆಗೆ 200, ವಾರಕ್ಕೆ 800, ವರ್ಷಕ್ಕೆ 41,600. ಬೇರೆ ಓಡಾಟಕ್ಕೆ 6,000. ಒಟ್ಟು 47,600. ಇನ್ನು ಕಾರು. ಇಲ್ಲಿ ನಾವೆಲ್ಲ ಮರೆತಿದ್ದ ಒಂದು ವಿಷಯ ಇತ್ತು. ಅಬ್ಬಾ ದಾದಿಯನ್ನು ಬಿಟ್ಟು ಮಂಡಿ ಮೊಹಲ್ಲಾದ ಅಂಗಡಿಗೆ ಹೋಗಲು ಮನೆಗೆ ವಾಪಸ್ ಬರಬೇಕು, ಮತ್ತೆ ಕರೆತರಲು ಹೋಗಬೇಕು. ಒಂದು ಡಯಾಲಿಸಿಸ್‌ಗೆ 16 ಅಲ್ಲ, 32 ಕಿಲೋಮೀಟರ್. ಉಳಿದ ಓಡಾಟ ಸೇರಿಸಿ ವರ್ಷಕ್ಕೆ ಪೆಟ್ರೋಲ್ ಸುಮಾರು 31,000. ಥರ್ಡ್ ಪಾರ್ಟಿ ವಿಮೆ 1000 ಸಿಸಿ ಒಳಗಿನ ಕಾರಿಗೆ 2,094, ತೆರಿಗೆ ಮತ್ತು ಓನರ್ ಅಪಘಾತ ವಿಮೆ ಸೇರಿ 3,000 ಹತ್ತಿರ. ಸರ್ವಿಸ್ 8,000. ಕ್ಲಚ್, ಟೈರ್ ಇಂಥದ್ದಕ್ಕೆ ತೆಗೆದಿಡಬೇಕಾದ್ದು 12,000. ಆಮೇಲೆ ಸವಕಳಿ. ಶೇ. 15ರಂತೆ ಮೊದಲ ವರ್ಷವೇ 29,250. ಒಟ್ಟು 83,250.

ಅಂದರೆ ಕಾರು ಆಟೋಗಿಂತ ವರ್ಷಕ್ಕೆ 35,650 ದುಬಾರಿ. ‘ಆಟೋ ದುಡ್ಡು ಉಳಿಯುತ್ತೆ’ ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದ ಮಾತು ಸುಳ್ಳು. ಹಳೇ ಕಾರಿನ ಪರವಾಗಿ ಒಂದು ಮಾತು ಹೇಳಬೇಕು: ಆರು ಲಕ್ಷದ ಹೊಸ ಕಾರಾದರೆ ಅದೇ ಶೇ. 15ರ ಲೆಕ್ಕಕ್ಕೆ ಮೊದಲ ವರ್ಷ ಕರಗುವುದು 90,000. ನಮ್ಮ ಕಾರಿನ ದೊಡ್ಡ ಸವಕಳಿಯನ್ನು ಮೇಷ್ಟ್ರು ಆಗಲೇ ಹೊತ್ತು ಮುಗಿಸಿದ್ದಾರೆ. ಹಾಗೆಂದು ಆಯಸ್ಸೂ ತುಂಬ ಉಳಿದಿಲ್ಲ. ನೋಂದಣಿ 15 ವರ್ಷಕ್ಕೆ, ಅಂದರೆ 2028ಕ್ಕೆ ಮುಗಿಯುತ್ತದೆ. ಆಮೇಲೆ ಫಿಟ್‌ನೆಸ್ ನೋಡಿ ಐದು ವರ್ಷಕ್ಕೆ ನವೀಕರಣ. 2022ರಿಂದ ಅದರ ಶುಲ್ಕವೇ 5,000, ಹಸಿರು ತೆರಿಗೆ ಬೇರೆ.

ಈ ಕಾಗದ ಅಬ್ಬಾಗೆ ಕೊಟ್ಟೆ. ಎರಡು ಸಲ ಓದಿದರು. ‘ಬೆಳಗಿನ ಐದೂವರೆಗೆ ಯಾವ ಕಾಲಂ ಇದೆ ಬೇಟಾ?’ ಎಂದು ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ಆದರೆ ಲೆಕ್ಕ ವ್ಯರ್ಥವಾಯಿತು ಎಂದು ನಾನು ಒಪ್ಪುವುದಿಲ್ಲ. ವರ್ಷಕ್ಕೆ 35,650 ಕೊಟ್ಟು ನಾವು ಕೊಳ್ಳುತ್ತಿರುವುದು ಉಳಿತಾಯವನ್ನಲ್ಲ, ದಾದಿಯ ನೆಮ್ಮದಿಯನ್ನು ಎಂದು ಎಲ್ಲರಿಗೂ ಗೊತ್ತಿದ್ದರೆ, ನಾಳೆ ಕ್ಲಚ್ ಹೋದಾಗ ಯಾರೂ ಯಾರನ್ನೂ ಬೈಯುವುದಿಲ್ಲ. ನನ್ನ ಕೋಚಿಂಗ್ ಬಗ್ಗೆ ಅಬ್ಬಾ ನೇರವಾಗಿ ಕೇಳಿದರು. ಫೌಂಡೇಶನ್ ಪರೀಕ್ಷೆ ಈಗ ವರ್ಷಕ್ಕೆ ಮೂರು ಸಲ ಇದೆ, ಒಂದು ಸಲ ತಡವಾಗಿ ಬರೆಯುತ್ತೇನೆ ಎಂದೆ. ಸಂತೋಷದಿಂದ ಹೇಳಿದೆ ಎಂದರೆ ಸುಳ್ಳಾಗುತ್ತದೆ.

ಕಾಗದಪತ್ರದ ವಿಷಯ ಒಂದು ಹೇಳಿ ನಿಲ್ಲಿಸುತ್ತೇನೆ, ಏಕೆಂದರೆ ನಮ್ಮವರಲ್ಲಿ ‘ಗೊತ್ತಿರುವವರೇ, ಆಮೇಲೆ ಮಾಡಿಸೋಣ’ ಎನ್ನುವ ರೂಢಿ ಬಹಳ. ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿ ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೆ ಕಾನೂನಿನ ಕಣ್ಣಿನಲ್ಲಿ ಹಳಬರೇ ಮಾಲೀಕರು. 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು: ಮಾರಿದ ಮೇಲೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರದ ಹೊಣೆ ಅವರದ್ದೇ. ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ವಿಮೆಯನ್ನೂ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಸಾಲ ಇದ್ದ ಗಾಡಿಯಾದರೆ ಬ್ಯಾಂಕಿನ ಎನ್‌ಒಸಿ ಬೇಕು. ಮೇಷ್ಟ್ರು ನಮಗಿಂತ ಮೊದಲೇ ಫಾರಂ ತಂದಿಟ್ಟಿದ್ದರು.

ಕಾರು ಬಂದು ಮೂರು ವಾರವಾಯಿತು. ಮೊದಲ ದಿನ ದಾದಿ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗಿದವರು ಮನೆಯ ಗೇಟು ಬಂದಾಗಲೇ ಎದ್ದದ್ದು. ‘ಎಷ್ಟು ಓಡಿದೆ ಇದು?’ ಎಂದು ಅವರೂ ಕೇಳಿದರು. ಹೇಳಿದೆ. ‘ನನ್ನಷ್ಟು ಓಡಿಲ್ಲ ಬಿಡು’ ಎಂದರು. ಕ್ಲಚ್‌ಗೆಂದು ತೆಗೆದಿಟ್ಟ ದುಡ್ಡು ಇನ್ನೂ ಅಮ್ಮಿಯ ಡಬ್ಬಿಯಲ್ಲೇ ಇದೆ.