‘ವೆರಿ’ ಎಂಬ ಮಾತಿನ ಬೆಲೆ

ಇಂಗ್ಲಿಷಿನಲ್ಲಿ ಒಬ್ಬರ ಗುಣವನ್ನು ವರ್ಣಿಸಬೇಕಾಗಿ ಬಂದಾಗ ನಮ್ಮ ಹುಡುಗಿಯರ ಲೇಖನಿಯು ಮೊದಲು ಅರಸುವ ಪದವು ‘ವೆರಿ’ ಎಂಬುದು. ತಾಯಿ ವೆರಿ ಕೈಂಡ್, ಗೆಳತಿ ವೆರಿ ಗುಡ್, ನೆರೆಮನೆಯ ಅಜ್ಜಿ ವೆರಿ ವೆರಿ ಓಲ್ಡ್! ಪ್ರಬಂಧದ ಪುಸ್ತಕಗಳನ್ನು ತಿದ್ದುವಾಗ ಈ ಪದದ ಮೇಲೆ ಕೆಂಪು ಗೆರೆ ಎಳೆಯುವುದು ನಮ್ಮ ಉಪಾಧ್ಯಾಯಿನಿಯರ ವಾಡಿಕೆ. ಇದು ಬರಿಯ ವ್ಯಾಕರಣದ ಬಿಗಿಯೆಂದು ಕೆಲವು ತಾಯಂದಿರು ಭಾವಿಸಿರುವುದನ್ನು ನಾವು ಬಲ್ಲೆವು. ಆದರೆ ಹುಡುಗಿಯು ಶಾಲೆಯನ್ನು ಬಿಟ್ಟು ಹೋದ ಮೇಲೆ ಅವಳ ವಿಷಯವಾಗಿ ಇತರರು ಬರೆಯುವ ಇಂಗ್ಲಿಷಿನಲ್ಲಿಯೂ ಇಂಥ ಅತಿಶಯಪದಗಳೇ ತುಂಬಿರುತ್ತವೆ. ಅವಳಿಗೆ ಕೆಲಸ ದೊರೆಯುವುದೂ ದೊರೆಯದಿರುವುದೂ ಕೆಲವು ವೇಳೆ ಅವುಗಳನ್ನೇ ಅವಲಂಬಿಸಿರುತ್ತದೆ. ಆದುದರಿಂದ ಈ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಸ್ಮರಣಸಂಚಿಕೆಯ ಮೂಲಕ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ತಿಳಿಸುವುದು ಉಚಿತವೆಂದು ತೋರಿತು.

‘ವೆರಿ’ ಎಂಬುದು ಹುಟ್ಟಿದಾಗ ಅಳತೆಯ ಮಾತಾಗಿರಲಿಲ್ಲ. ಹಳೆಯ ಫ್ರೆಂಚ್ ಭಾಷೆಯಿಂದ ಇಂಗ್ಲಿಷಿಗೆ ಬಂದ ಅದರ ಮೂಲಾರ್ಥ ‘ನಿಜವಾದ’ ಎಂದು. 1611ರ ಇಂಗ್ಲಿಷ್ ಬೈಬಲನ್ನು ಓದಿದವರಿಗೆ ಇದರ ಗುರುತುಂಟು. ಆದಿಕಾಂಡದ 27ನೆಯ ಅಧ್ಯಾಯದಲ್ಲಿ ಕಣ್ಣು ಮಬ್ಬಾದ ಇಸಾಕನು ಯಾಕೋಬನನ್ನು ಹತ್ತಿರಕ್ಕೆ ಕರೆದು, ಮುಟ್ಟಿ ನೋಡಿ, ಇವನು ತನ್ನ ‘ವೆರಿ’ ಮಗನಾದ ಏಸಾವನೇ ಹೌದೋ ಎಂದು ತಿಳಿಯಬಯಸುತ್ತಾನೆ. ಅಲ್ಲಿ ಆ ಪದಕ್ಕೆ ‘ಬಹಳ’ ಎಂಬ ಅರ್ಥ ಹೊಂದುವುದೇ ಇಲ್ಲ. ನಿಜ, ನಿಜ ಎಂದು ಹೇಳಿ ಹೇಳಿ ಜನರು ಆ ಪದವನ್ನು ಸವೆಯಿಸಿದರು. ಕೊನೆಗೆ ನಿಜವು ಹೋಗಿ ಪ್ರಮಾಣವಷ್ಟೇ ಉಳಿಯಿತು. ಈಗ ‘ರಿಯಲಿ’ ಎಂಬ ಪದವೂ ಅದೇ ದಾರಿಯಲ್ಲಿ ನಡೆದಿದೆ. ‘ಆಫುಲಿ’, ‘ಟೆರಿಬ್ಲಿ’, ‘ಡ್ರೆಡ್‌ಫುಲಿ’ ಮೊದಲಾದವು ಭಯದಿಂದ ಹುಟ್ಟಿದ ಮಾತುಗಳು. ‘ಆಫುಲಿ ನೈಸ್’ ಎನಿಸಿಕೊಂಡ ಹೆಂಗಸನ್ನು ಕಂಡು ಇಂದು ಯಾರೂ ನಡುಗುವುದಿಲ್ಲ. ಇದರಲ್ಲಿ ಆಂಗ್ಲೇಯರನ್ನು ನೋಡಿ ನಗುವ ಹಕ್ಕು ನಮಗಿಲ್ಲ. ಹಾಡು ‘ಭಯಂಕರ ಚೆನ್ನಾಗಿತ್ತು’ ಎಂದು ನಮ್ಮ ಮಕ್ಕಳು ಶಾಲೆಯ ಜಗಲಿಯಲ್ಲಿಯೇ ಹೇಳುತ್ತಾರೆ.

ಅತಿಶಯಪದಗಳ ದೋಷವನ್ನು ಸ್ತ್ರೀಯರ ತಲೆಗೆ ಕಟ್ಟುವುದು ಹಳೆಯ ಸಂಪ್ರದಾಯ. 1754ರಲ್ಲಿ ಇಂಗ್ಲೆಂಡಿನ ಲಾರ್ಡ್ ಚೆಸ್ಟರ್‌ಫೀಲ್ಡನು, ತನ್ನ ಕಾಲದ ಸ್ತ್ರೀಯರು ಎಲ್ಲದಕ್ಕೂ ‘ವಾಸ್ಟ್ಲಿ’ ಎನ್ನುತ್ತಾರೆಂದು ಹಾಸ್ಯಮಾಡಿದನು. ಒಬ್ಬಾಕೆಯಂತೂ ಪುಟ್ಟ ನಶ್ಯದ ಡಬ್ಬಿಯೊಂದನ್ನು ನೋಡಿ, ಅದು ವಿಶಾಲವಾಗಿ ಚಿಕ್ಕದಾಗಿರುವುದರಿಂದ ವಿಶಾಲವಾಗಿ ಚಂದವಾಗಿದೆ ಎಂಬರ್ಥ ಬರುವಂತೆ ಹೊಗಳಿದಳಂತೆ. ಡೆನ್ಮಾರ್ಕಿನ ಭಾಷಾಪಂಡಿತ ಆಟೋ ಯೆಸ್ಪರ್ಸನ್ 1922ರ ತನ್ನ ಗ್ರಂಥದಲ್ಲಿ ಈ ಮಾತನ್ನೇ ಎತ್ತಿಕೊಂಡು, ಇಂಥ ಪದಗಳ ಹೊಸ ಹೊಸ ರೂಢಿಗೆ ಬಹುಮಟ್ಟಿಗೆ ಸ್ತ್ರೀಯರೇ ಕಾರಣರೆಂದನು. 1975ರಲ್ಲಿ ಅಮೆರಿಕದ ವಿದುಷಿ ರಾಬಿನ್ ಲೇಕಾಫ್ ಸಹ ‘ಸೋ’ ಎಂಬ ಪದವನ್ನು ಸ್ತ್ರೀಯರ ಮಾತಿನ ಲಕ್ಷಣಗಳಲ್ಲಿ ಸೇರಿಸಿದರು. ಆದರೆ ಹೀಗೆ ಮಾತನಾಡಲು ಹುಡುಗಿಯರಿಗೆ ಸಮಾಜವೇ ಕಲಿಸುತ್ತದೆಂಬುದು ಅವರ ವಾದ. ಇದು ನಮಗೆ ಹೆಚ್ಚು ನ್ಯಾಯವಾಗಿ ಕಾಣುತ್ತದೆ. ಗಂಡಸರಿಗೂ ತಮ್ಮವೇ ಆದ ಅತಿಶಯಪದಗಳು ಬೇಕಾದಷ್ಟಿವೆ. ಅವುಗಳಲ್ಲಿ ಹಲವು ಅಚ್ಚಿಗೆ ಯೋಗ್ಯವಲ್ಲದವಾದುದರಿಂದ ಗ್ರಂಥಗಳಲ್ಲಿ ಕಾಣಿಸಿಕೊಳ್ಳಲಿಲ್ಲವೇನೋ!

ಈ ಚಾಪಲ್ಯವನ್ನು ಎಲ್ಲರಿಗಿಂತ ಚೆನ್ನಾಗಿ ಹಿಡಿದು ತೋರಿಸಿದವಳೂ ಒಬ್ಬ ಸ್ತ್ರೀಯೇ. ಜೇನ್ ಆಸ್ಟಿನಳ ‘ನಾರ್ತ್‌ಯಾಂಗರ್ ಅಬಿ’ ಕಾದಂಬರಿ 1817ರ ಕೊನೆಯಲ್ಲಿ ಪ್ರಕಟವಾಯಿತು. ಅದರಲ್ಲಿ ಇಸಬೆಲಾ ಥಾರ್ಪ್ ಎಂಬವಳು ಗೆಳತಿಯರನ್ನು ಹೊಗಳುವಾಗ ದೇವದೂತರಿಗಿಂತ ಕೆಳಗೆ ಇಳಿಯುವುದಿಲ್ಲ. ‘ಅಮೇಜಿಂಗ್ಲಿ’ ಎಂಬುದು ಅವಳ ನಾಲಿಗೆಯ ತುದಿಯಲ್ಲಿಯೇ ಇರುತ್ತದೆ. ಅವಳ ಸ್ನೇಹವು ಟೊಳ್ಳೆಂಬುದು ಕಥಾನಾಯಕಿ ಕ್ಯಾಥರೀನಳಿಗೆ ತಿಳಿಯುವ ಎಷ್ಟೋ ಮೊದಲೇ ಓದುವವರಿಗೆ ಅವಳ ಮಾತಿನಿಂದ ತಿಳಿದುಹೋಗುತ್ತದೆ.

ಇನ್ನು ನಮ್ಮ ನಾಡಿಗೆ ವಿಶೇಷವಾದ ತೊಡಕೊಂದಿದೆ. ‘ತುಂಬ ಒಳ್ಳೆಯವರು’ ಎಂಬುದನ್ನು ನಮ್ಮವರು ‘ಟೂ ಗುಡ್’ ಎಂದು ಬರೆಯುತ್ತಾರೆ. ಕನ್ನಡದ ‘ತುಂಬ’ ಎಂಬ ಪದವು ಮೆಚ್ಚುಗೆಗೂ ಮಿತಿಮೀರಿದ್ದಕ್ಕೂ ಒಂದೇ ಆಗಿ ಸಲ್ಲುತ್ತದೆ. ‘ಟೂ’ ಎಂಬುದಾದರೋ ಮುಖ್ಯವಾಗಿ ಮಿತಿಮೀರಿದ್ದನ್ನೇ ಹೇಳುತ್ತದೆ. ಆಂಗ್ಲೇಯರೂ ಎದುರಿಗಿದ್ದವರಿಗೆ ಉಪಚಾರಕ್ಕಾಗಿ ‘ಯೂ ಆರ್ ಟೂ ಕೈಂಡ್’ ಎನ್ನುವುದುಂಟು. ಆದರೆ ಪತ್ರದಲ್ಲಿ ಒಬ್ಬಳನ್ನು ‘ಟೂ ಆನೆಸ್ಟ್’ ಎಂದು ಬರೆದರೆ, ಆಕೆಯ ಪ್ರಾಮಾಣಿಕತೆಯಿಂದ ಏನೋ ತೊಂದರೆಯಾಗಿರಬೇಕೆಂದು ಓದುವವನು ಊಹಿಸುವನು.

‘ಕ್ವೈಟ್’ ಎಂಬುದು ಇದಕ್ಕಿಂತಲೂ ಮೋಸದ ಪದ. ‘ಕ್ವೈಟ್ ಡೆಡ್’ ಎಂದರೆ ಪೂರ್ತಿ ಸತ್ತಿದೆ ಎಂದರ್ಥ. ‘ಕ್ವೈಟ್ ಗುಡ್’ ಎಂದರೆ ಇಂಗ್ಲೆಂಡಿನಲ್ಲಿ ಅನೇಕ ವೇಳೆ ‘ಪರವಾಗಿಲ್ಲ’ ಎಂದಷ್ಟೇ ಅರ್ಥ. ಅಮೆರಿಕದವರಲ್ಲಿ ಅದೇ ಮಾತು ಸಾಮಾನ್ಯವಾಗಿ ಮೆಚ್ಚುಗೆಯೇ ಆಗುತ್ತದೆ. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ದಾದಿಯ ಉದ್ಯೋಗಕ್ಕಾಗಿ ಇಂಗ್ಲೆಂಡಿಗೆ ಅರ್ಜಿ ಕಳುಹಿಸಿದಾಗ, ಅವಳು ಆಗ ದುಡಿಯುತ್ತಿದ್ದ ಸ್ಥಳದ ಹಿರಿಯರೊಬ್ಬರು ಒಳ್ಳೆಯ ಮನಸ್ಸಿನಿಂದಲೇ ‘ಕ್ವೈಟ್ ಕೇಪಬಲ್’ ಎಂದು ಬರೆದುಕೊಟ್ಟರು. ಸಂಪೂರ್ಣ ಸಮರ್ಥಳು ಎಂಬುದು ಅವರ ಭಾವ. ಅಲ್ಲಿಂದ ಬಂದ ಮರುಪತ್ರದಲ್ಲಿ, ಈಕೆಯ ಕೆಲಸದಲ್ಲಿ ಕೊರತೆಯೇನಾದರೂ ಉಂಟೇ ಎಂದು ಕೇಳಿದ್ದರು! ಹುಡುಗಿ ಎರಡು ರಾತ್ರಿ ನಿದ್ದೆಮಾಡಲಿಲ್ಲ.

ಹಾಗಾದರೆ ‘ವೆರಿ’ ನಿರಪಾಯವೇ ಎಂದರೆ ಅದೂ ಅಲ್ಲ. ಎತ್ತರ, ಮುಪ್ಪು, ಜಾಣತನ ಇವುಗಳಲ್ಲಿ ಹೆಚ್ಚು ಕಡಿಮೆ ಎಂಬುದಿದೆ. ಅಲ್ಲಿ ಆ ಪದಕ್ಕೆ ಕೆಲಸವಿದೆ. ಪ್ರಾಮಾಣಿಕತೆಯಲ್ಲಿ ಹಾಗಿಲ್ಲ. ಹಣದ ಪೆಟ್ಟಿಗೆಯನ್ನು ಒಪ್ಪಿಸುವಾಗ ಯಾರೂ ಬಹಳ ಪ್ರಾಮಾಣಿಕರನ್ನೂ ಸ್ವಲ್ಪ ಪ್ರಾಮಾಣಿಕರನ್ನೂ ಬೇರ್ಪಡಿಸಿ ನೋಡುವುದಿಲ್ಲ. ‘ಆನೆಸ್ಟ್’ ಎಂದು ಬರೆದು ನಿಲ್ಲಿಸಿದರೆ ಅದು ಸಾಕ್ಷ್ಯ. ಅದಕ್ಕೆ ‘ವೆರಿ’ ಸೇರಿಸಿದರೆ ಬರೆದವರಿಗೇ ಆ ಮಾತಿನಲ್ಲಿ ನಂಬಿಕೆ ಸಾಲದೆ ಊರುಗೋಲು ಕೊಟ್ಟಂತೆ ಕಾಣುತ್ತದೆ.

ಸ್ತ್ರೀಯರ ಮಟ್ಟಿಗೆ ಶಿಫಾರಸು ಪತ್ರಗಳ ಸಂಗತಿಯು ಇನ್ನಷ್ಟು ಯೋಚಿಸತಕ್ಕದ್ದು. ಫ್ರಾನ್ಸಿಸ್ ಟ್ರಿಕ್ಸ್, ಕ್ಯಾರೊಲಿನ್ ಸೆಂಕಾ ಎಂಬ ಇಬ್ಬರು ಅಮೆರಿಕದ ಒಂದು ವೈದ್ಯಕೀಯ ಕಾಲೇಜಿನ ಅಧ್ಯಾಪಕ ಹುದ್ದೆಗಳಿಗಾಗಿ ಬಂದ 300ಕ್ಕೂ ಹೆಚ್ಚು ಪತ್ರಗಳನ್ನು ಪರಿಶೀಲಿಸಿ 2003ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸ್ತ್ರೀಯರ ಪರವಾಗಿ ಬರೆದ ಪತ್ರಗಳು ಸರಾಸರಿಯಲ್ಲಿ ಚಿಕ್ಕವು. ಕಷ್ಟಪಟ್ಟು ದುಡಿಯುವವಳೆಂಬ ಹೊಗಳಿಕೆಯೂ ಸಂಶಯ ಹುಟ್ಟಿಸುವ ಅರೆಮಾತುಗಳೂ ಅವುಗಳಲ್ಲಿ ಹೆಚ್ಚು. ಪುರುಷರ ಪತ್ರಗಳಲ್ಲಿ ಅವರ ಸಂಶೋಧನೆಯ ಮಾತು ಮತ್ತೆ ಮತ್ತೆ ಬರುತ್ತಿತ್ತು. ಅಂದರೆ ಪುರುಷನಿಗೆ ಅವನ ಕೆಲಸವು ಸಾಕ್ಷಿ ಹೇಳಿತು. ಸ್ತ್ರೀಗೆ ಅವಳ ಶ್ರಮಶೀಲತೆ ಮಾತ್ರ. ‘ವೆರಿ ಹಾರ್ಡ್‌ವರ್ಕಿಂಗ್’ ಎಂದು ಬರೆದು ಹುಡುಗಿಗೆ ಉಪಕಾರ ಮಾಡಿದೆವೆಂದು ತಿಳಿಯುವವರು ಇದನ್ನು ಗಮನಿಸಬೇಕು.

ಕಳೆದ ವರ್ಷ ಒಬ್ಬ ತಂದೆ, ಬೇರೆ ಶಾಲೆಗಳವರು ಧಾರಾಳವಾಗಿ ‘ಎಕ್ಸೆಪ್ಶನಲಿ ಬ್ರಿಲಿಯೆಂಟ್’ ಎಂದು ಬರೆಯುವಾಗ ನಮ್ಮ ಪತ್ರವು ಬಡವಾಗಿ ಕಾಣುವುದಿಲ್ಲವೇ ಎಂದು ಕೇಳಿದರು. ಕೇಳತಕ್ಕ ಪ್ರಶ್ನೆಯೇ. ಸಂತೆಯಲ್ಲಿ ಎಲ್ಲರೂ ಕೂಗುತ್ತಿರುವಾಗ ಮೆಲ್ಲನೆ ಮಾತಾಡಿದವರ ಸರಕು ಉಳಿದುಹೋಗುವುದುಂಟು. ಆದರೆ ಇನ್ನೂ ಗಟ್ಟಿಯಾಗಿ ಕೂಗುವುದು ಅದಕ್ಕೆ ಪರಿಹಾರವೆಂದು ನಮಗೆ ತೋರುವುದಿಲ್ಲ. ಎರಡು ವರ್ಷ ವಾಚನಾಲಯದ ಬೀಗದ ಕೈ ಇವಳಲ್ಲಿತ್ತು, ಒಂದು ಪುಸ್ತಕವೂ ಕಳೆದುಹೋಗಲಿಲ್ಲ. ಕೆಳಗಿನ ತರಗತಿಯ ಮೂವರಿಗೆ ಇವಳು ಪ್ರತಿ ಸಂಜೆ ಲೆಕ್ಕ ಹೇಳಿಕೊಟ್ಟಳು, ಮೂವರೂ ತೇರ್ಗಡೆಯಾದರು. ನಾವು ಇಂಥ ಸಂಗತಿಗಳನ್ನು ಬರೆಯುತ್ತೇವೆ. ಇದಕ್ಕೆ ‘ವೆರಿ’ ಸೇರಿಸಲು ಸ್ಥಳವೇ ಇರುವುದಿಲ್ಲ.

ಗೆಳತಿಗೆ ಬರೆಯುವ ಕಾಗದದಲ್ಲಿ ‘ಐ ಆಮ್ ಸೋ ಸೋ ಹ್ಯಾಪಿ’ ಎಂದು ಬರೆಯುವ ಹುಡುಗಿಯ ತಂಟೆಗೆ ನಾವು ಹೋಗುವವರಲ್ಲ. ಅಲ್ಲಿ ಕೆಂಪು ಶಾಯಿಗೆ ಕೆಲಸವಿಲ್ಲ. ಶಿಫಾರಸು ಪತ್ರ ಬೇಕಾದ ಹಳೆಯ ವಿದ್ಯಾರ್ಥಿನಿಯರು ಮಾತ್ರ ಒಂದು ವಾರ ಮೊದಲೇ ತಿಳಿಸಿ, ತಾವು ಶಾಲೆಯಲ್ಲಿಯೂ ಅನಂತರವೂ ಕೈಯಾರೆ ಮಾಡಿದ ಕೆಲಸಗಳ ಪಟ್ಟಿಯೊಂದನ್ನು ವರ್ಷಸಹಿತ ಬರೆದು ತರಬೇಕೆಂದು ಕೋರುತ್ತೇವೆ. ಪಟ್ಟಿಯು ಕನ್ನಡದಲ್ಲಿದ್ದರೂ ಸರಿ.